ಚಮಚದ ಮೀನು

ಕಾರವಾರಕ್ಕ ಸಿಮೆಂಟ್ ಹೊಡಿಯೋ ರಾಜೇಸಾಬ
ಕಾಳಿ ನದಿ ಕಡಲು ಸೇರೋ ಬಾಯಾಗ
ಯಾರೋ ಹುಡುಗರ ಕಡೆ ಕಲತು ಬಂದಾನ:
ಎರಿಹುಳ ಬ್ಯಾಡ, ಹಿಟ್ಟಿನ ಉಂಡಿ ಬ್ಯಾಡ,
ದೋಣಿ ಸೈತ ಬ್ಯಾಡ.
ದಂಡಿ ಮ್ಯಾಲ ನಿಂತು ಒಂದು ಸುಳ್ಳು ಒಗೀಬೇಕು,
ಆ ಸುಳ್ಳು ಈಸಬೇಕು.

ನನಗ ಮಾತು ಹಿಡಿಸಿತು.
ನಾನು ನವನಗರದಾಗ ಗಡಿಯಾರ ರಿಪೇರಿಯವ,
ಕಣ್ಣಿಗೆ ಭೂತಗನ್ನಡಿ ಸಿಗಿಸಿಕೊಂಡು ಇಪ್ಪತ್ತಾರು ವರ್ಷ
ಸಣ್ಣ ಸಣ್ಣ ಸುಳ್ಳು ತಿದ್ದಿದವ –
ಐದು ನಿಮಿಷ ಮುಂದ, ಹತ್ತು ನಿಮಿಷ ಹಿಂದ.

ಮನ್ಯಾಗಿನ ಸ್ಟೀಲ್ ಚಮಚದ ಹಿಡಿಕಿ ಕೊಯ್ದೆ.
ಎರಡೂ ತುದಿಗೆ ತೂತು ಕೊರದೆ,
ಒಂದಕ್ಕ ಮೂರು ಕವಲಿನ ಗಾಳ,
ಇನ್ನೊಂದಕ್ಕ ಯಾರೋ ಬಿಟ್ಟುಹೋದ
ಹೆಣ್ಣವಾಚಿನ ಸರಪಳಿಯ ಕೊಂಡಿ.
ಸುಗಂಧಾ ಡಬ್ಬಿ ಎಣಿಸಿದಳು: ಹನ್ನೊಂದು.
ಏನೂ ಅನ್ನಲಿಲ್ಲ. ಮರುದಿನ ನನ್ನ ಉಪ್ಪಿಟ್ಟಿಗೆ ಚಮಚ ಇರಲಿಲ್ಲ.

ಹಳೇ ಊರಿನ ರಸ್ತೆ
ಇಳಕೊಂತ ಇಳಕೊಂತ ನೀರಾಗ ಹೊಕ್ಕೈತಿ.
ಡಾಂಬರಿನ ಮ್ಯಾಲ ನಿಂತು ಕಲಿಯೋದು ನಾವು.
ಅಲ್ಲೆ ಕಡಲಿಗೆ ದಿನಾ ಎರಡು ಸಲ ಉಬ್ಬರ, ಎರಡು ಸಲ ಇಳಿತ,
ನೀರು ಏರಿದಾಗ ಮೀನು ಒಳಗ ಬರತಾವು,
ತಿಥಿ ನೋಡಿ ಗಾಳ ಹಾಕತಾರ ಅಂತಾನ ರಾಜೇಸಾಬ.
ನಮಗ ವರ್ಷಕ್ಕೊಂದೇ ಉಬ್ಬರ.
ಶ್ರಾವಣದಾಗ ಘಟಪ್ರಭಾ ಹಿಂದ ಸರದು ಓಣಿ ಏರತಾಳ,
ಹೋಳಿ ಹುಣ್ಣಿವಿ ಹೊತ್ತಿಗೆ ಕಟ್ಟಿ ಬಿಟ್ಟು ಇಳೀತಾಳ.
ನಮ್ಮ ಚಂದ್ರ ಅಂದ್ರ ಆಲಮಟ್ಟಿ ಗೇಟು.

ಒಗಿಯೋಕಿಂತ ಮೊದಲ ಬೆನ್ನ ಹಿಂದ ನೋಡು ಅಂದಿದ್ದ.
ನಾ ನೋಡಲಿಲ್ಲ.
ಚಮಚ ಹೋಗಿ ಬಲಿ ಒಣಹಾಕತಿದ್ದ
ತುಳಸವ್ವ ಬಾರಕೇರಳ ಸೆರಗಿಗೆ ಸಿಕ್ಕಿತು.
ಬಿಡಿಸಿಕೊಂತ ಆಕಿ ಅದನ್ನ ತಿರುವಿ ಮುರುವಿ ನೋಡಿದಳು:
"ಮೀನಕ್ಕ ಚಮಚ ಕೊಟ್ಟರ ಅದು ಸಾರು ಕೇಳತೈತಿ, ತಮ್ಮಾ."

ಕೋಲು ಎರಡು ಗಂಟೆಗೆ ಹಿಂದ,
ಹತ್ತು ಗಂಟೆಗೆ ಬಂದಾಗ ಬೆರಳು ಬಿಡು –
ಇದು ನನಗ ಲಗೂನ ತಿಳೀತು, ಮುಳ್ಳಿನ ಭಾಷೆ.
ಕಠಿಣ ಆದದ್ದು ಆಮ್ಯಾಲಿಂದು.
ಎರಡು ಸುತ್ತು ಸುತ್ತು, ನಿಲ್ಲು.
ಗಾಯಾದ ಮರಿ ಹೆಂಗ ಈಸತೈತಿ ಹಂಗ.
ನಿಂತಾಗನ ಕಚ್ಚತೈತಿ ಅಂತಾನ ಅವ.
ನಿಂತದ್ದನ್ನ ನಡಸಿ ಹೊಟ್ಟಿ ಹೊರದವ ನಾನು,
ಕೈ ನಿಲ್ಲವಲ್ಲದು.

ನಾಲ್ಕನೇ ಐತವಾರ ದಾರ ಬಿಗೀತು.
ಕೋಲು ಬಿಲ್ಲಾತು, ನಾ ಚೀರಿದೆ,
ರಾಜೇಸಾಬ ಚಪ್ಪಲಿ ಬಿಟ್ಟು ಓಡಿ ಬಂದ.
ತುಳಸವ್ವ ಮಾತ್ರ ಕುಂತಲ್ಲಿಂದ ಏಳಲಿಲ್ಲ:
"ಅದು ಮೀನಲ್ಲ. ಮುದಕಪ್ಪನ ಹಿಟ್ಟಿನ ಗಿರಣಿ.
ನನ್ನ ಬಲಿ ಅಲ್ಲೇ ಮೂರು ಸಲ ಹರದಾವು.
ಅದರ ಎಡಕ್ಕ ಕಟಿಂಗ್ ಅಂಗಡಿ ಕಟ್ಟಿ, ಆಚೆ ಬೇವಿನ ಬೊಡ್ಡಿ.
ಜಗ್ಗಬ್ಯಾಡೋ! ಸಡಲ ಬಿಡು. ಈ ಕಡೆ ನಾಕು ಹೆಜ್ಜಿ ನಡಿ.
ಈಗ ತಂತಿ ಮೀಟಿದಂಗ ಮೀಟು."

ಮೀಟಿದೆ.
ನೀರಿನ ಕೆಳಗ ಏನೋ ಟಣ್ ಅಂದಂಗಾತು, ಕೈಗೆ.
ಆ ಗಿರಣ್ಯಾಗ ನಾ ಸಣ್ಣಾವಿದ್ದಾಗ
ಜ್ವಾಳದ ಬುಟ್ಟಿ ಹೊತ್ತು ಪಾಳಿ ಹಚ್ಚಿದ್ದೆ.
ದಾರ ಹರೀತು.

"ಹೋಗಲಿ ಬಿಡು," ಅಂದಳು ತುಳಸವ್ವ,
"ಹೋಳಿ ಆದಮ್ಯಾಲ ನಡಕೊಂತ ಹೋಗಿ ತಗೊಂಡು ಬಾ."

ಈಗ ಡಬ್ಯಾಗ ಒಂಬತ್ತು.
ಮೊನ್ನೆ ಸಂಜೀಕ ಒಂದು ಮರಲ್ ಮೀನು
ಚಮಚದ ಬೆನ್ನು ಹತ್ತಿ ಬಂತು,
ರಸ್ತೆಯ ಬಿಳಿ ಪಟ್ಟಿಗುಂಟ, ನೆಟ್ಟಗ,
ಸೈಕಲ್ ಮ್ಯಾಲ ಬರೋ ಹುಡುಗನಂಗ.
ನಾ ಕೈ ನಿಲ್ಲಿಸಿದೆ. ಖರೇನ ನಿಲ್ಲಿಸಿದೆ.
ಅದೂ ನಿಂತು,
ನನ್ನ ಬೂಟು ನೋಡಿ,
ಗಿರಣಿ ಕಡೆ ತಿರುಗಿತು.